ಅಜ್ಜನ ಪೇಟಿಗೆ ಮರಳಿ ಉಸಿರು

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಹಳೆಯ ಮನೆಗಳಲ್ಲಿ ಅಟ್ಟದ ಮೇಲೋ ದೇವರ ಕೋಣೆಯ ಮೂಲೆಯಲ್ಲೋ ಒಂದು ಪೇಟಿ ಇರುವುದುಂಟು. ಪೇಟಿ ಎಂದರೆ ಹಾರ್ಮೋನಿಯಂ. ಅದು ಅಜ್ಜ ಭಜನೆಗೆ ನುಡಿಸಿದ್ದು, ಇಲ್ಲವೇ ಪಾರಿಜಾತದ ಮೇಳದೊಡನೆ ಊರೂರು ತಿರುಗಿದ್ದು. ಈಗ ಅದರ ಮೇಲೆ ಧೂಳು ಕುಳಿತಿದೆ. ತಿದಿ ಒತ್ತಿದರೆ ಬುಸ್ಸೆಂದು ಗಾಳಿ ಸೋರುತ್ತದೆ. ಬೆರಳಿಡುವ ಬಿಳಿ–ಕರಿ ಪಟ್ಟಿಗಳಲ್ಲಿ ಕೆಲವು ದನಿಯನ್ನೇ ಕೊಡುವುದಿಲ್ಲ. ಒಂದು ಪಟ್ಟಿ ಮಾತ್ರ ಯಾರೂ ಮುಟ್ಟದೆಯೇ ಕೂಗುತ್ತದೆ.

ಮನೆಯಲ್ಲಿ ಮಗಳೋ ಮಗನೋ ಸಂಗೀತ ಕಲಿಯಲು ತೊಡಗಿದಾಗ ಈ ಪೇಟಿಯ ನೆನಪಾಗುತ್ತದೆ. ಆಗ ಕೇಳಿಬರುವ ಮಾತು ಸಾಮಾನ್ಯವಾಗಿ ಒಂದೇ: “ಹಳೇದೆಲ್ಲಾ ತಗದು ಹೊಸಾ ರೀಡ ಹಾಕಿಸಿ, ಚಂದಂಗ ಪಾಲಿಶ್ ಹೊಡಸಿಬಿಡ್ರೀ.” ಅಕ್ಕರೆಯಿಂದಲೇ ಬಂದ ಮಾತು. ಆದರೆ ಹಾಗೆ ಮಾಡಿದರೆ ಉಳಿಯುವುದು ಅಜ್ಜನ ಪೆಟ್ಟಿಗೆ ಮಾತ್ರ. ಅಜ್ಜನ ದನಿ ಹೋಗುತ್ತದೆ.

ಈ ವಾದ್ಯ ನಮ್ಮ ಕಡೆ ಬಂದ ದಾರಿ ದೂರದ್ದು. 1840ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ದೆಬೆನ್ ಹಾರ್ಮೋನಿಯಂ ಎಂಬ ಹೆಸರಿನಲ್ಲಿ ಹಕ್ಕುಪತ್ರ ಪಡೆದ. ಅದು ಕುರ್ಚಿಯ ಮೇಲೆ ಕುಳಿತು, ಕಾಲಿನಿಂದ ಗಾಳಿ ಹಾಕಿ ನುಡಿಸುವಂಥದು. ಕೋಲ್ಕತ್ತೆಯ ದ್ವಾರಕಾನಾಥ ಘೋಷರು 1875ರಲ್ಲಿ ಅದನ್ನು ಚಿಕ್ಕದಾಗಿಸಿ, ನೆಲದ ಮೇಲೆ ಕುಳಿತು ಒಂದು ಕೈಯಲ್ಲಿ ತಿದಿ ಹಾಕುತ್ತ ಇನ್ನೊಂದು ಕೈಯಲ್ಲಿ ನುಡಿಸುವಂತೆ ರೂಪಿಸಿದರು. ಆಮೇಲೆ ಅದು ಭಜನೆ, ಕೀರ್ತನೆ, ನಾಟಕ ಎಲ್ಲಕ್ಕೂ ಬಂತು. ಈಗಿನ ಮೂಡಲಗಿ ತಾಲೂಕಿನ ಕುಲಗೋಡದ ತಮ್ಮಣ್ಣನ ಹೆಸರಿನೊಡನೆ ಬೆಳೆದ, ಕೌಜಲಗಿ ನಿಂಗಮ್ಮನ ಹಾಡಿನಿಂದ ಮನೆಮಾತಾದ ಶ್ರೀಕೃಷ್ಣ ಪಾರಿಜಾತದ ಹಿಮ್ಮೇಳದಲ್ಲೂ ಪೇಟಿ ತನ್ನ ಜಾಗ ಹಿಡಿಯಿತು. ಬೆಳಗಾವಿಯಲ್ಲಿ ರಾಮಭಾವು ವಿಜಾಪುರೆಯವರು, 2010ರಲ್ಲಿ ತೀರಿಕೊಳ್ಳುವವರೆಗೆ, ದಶಕಗಳ ಕಾಲ ಶಿಷ್ಯರನ್ನು ತಯಾರು ಮಾಡಿದರು. ಹೀಗಾಗಿ ಈ ಭಾಗದ ಅಟ್ಟಗಳಲ್ಲಿ ಪೇಟಿ ಸಿಗುವುದು ಆಶ್ಚರ್ಯವಲ್ಲ.

ಪೇಟಿಯ ಜೀವ ಇರುವುದು ರೀಡಿನಲ್ಲಿ. ಹಿತ್ತಾಳೆಯ ಚಿಕ್ಕ ಚೌಕಟ್ಟು, ಅದರಲ್ಲೊಂದು ಉದ್ದನೆಯ ಸೀಳು, ಸೀಳಿನ ಮೇಲೆ ಒಂದು ತುದಿಗೆ ಮಾತ್ರ ರಿವೆಟ್ ಹೊಡೆದ ತೆಳು ನಾಲಿಗೆ. ಗಾಳಿ ನುಗ್ಗಿದಾಗ ನಾಲಿಗೆ ಸೀಳಿನೊಳಗೆ ಹೋಗಿ ಬಂದು ಕಂಪಿಸುತ್ತದೆ; ಅದೇ ಸ್ವರ. ನಾಲಿಗೆ ಉದ್ದವಾಗಿ ತುದಿ ಭಾರವಾಗಿದ್ದರೆ ಮಂದ್ರದ ಖರ್ಜ, ಗಿಡ್ಡವಾಗಿದ್ದರೆ ತಾರ. 42 ಪಟ್ಟಿಗಳ, ಎರಡು ಸಾಲು ರೀಡಿನ ಪೇಟಿಯಲ್ಲಿ ಇಂಥ 84 ನಾಲಿಗೆಗಳಿರುತ್ತವೆ. ಹಳೆಯ ಪೇಟಿಗಳಲ್ಲಿ ಪ್ಯಾರಿಸ್ಸಿನ ಅಥವಾ ಜರ್ಮನಿಯ ರೀಡುಗಳಿರುವುದುಂಟು. ಈಗ ಗುಜರಾತಿನ ಪಾಲಿತಾಣಾ ರೀಡಿಗೆ ಹೆಸರಾದ ಊರು. ಹೊಸ ರೀಡು ಕೀಳು ಎಂದಲ್ಲ. ಆದರೆ ಬೇರೆ ರೀಡು ಎಂದರೆ ಬೇರೆ ದನಿ.

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ವಿಜ್ಞಾನವಿದೆ. ನಾಲಿಗೆಯ ತುದಿಯನ್ನು ಕೆರೆದರೆ ಭಾರ ಕಡಿಮೆಯಾಗಿ ಸ್ವರ ಏರುತ್ತದೆ. ಬುಡವನ್ನು ಕೆರೆದರೆ ಬಿಗುಪು ಕಡಿಮೆಯಾಗಿ ಸ್ವರ ಇಳಿಯುತ್ತದೆ. ಪೇಟಿಯ ಸ್ವರ ಕೂಡಿಸುವ ವಿದ್ಯೆ ಇಷ್ಟರ ಮೇಲೆಯೇ ನಿಂತಿದೆ. ತಂಬೂರಿಯಾದರೆ ತಂತಿಯನ್ನು ಬಿಗಿದು ಮತ್ತೆ ಸಡಿಲಿಸಬಹುದು. ರೀಡಿನಿಂದ ಒಮ್ಮೆ ಕೆರೆದು ಉದುರಿದ ಹಿತ್ತಾಳೆಯ ಪುಡಿ ಮತ್ತೆ ಅಂಟುವುದಿಲ್ಲ. ಹತ್ತು ಸಲ ಕೆರೆಸಿಕೊಂಡ ನಾಲಿಗೆ ಕೊನೆಗೊಂದು ದಿನ ಮುರಿಯುತ್ತದೆ.

ಆದ್ದರಿಂದ ಅರಿತ ಕಸಬುದಾರ ಮೊದಲು ರೀಡಿಗೆ ಕೈ ಹಾಕುವುದಿಲ್ಲ, ಗಾಳಿಯನ್ನು ನೋಡುತ್ತಾನೆ. ಯಾವ ಪಟ್ಟಿಯನ್ನೂ ಮುಟ್ಟದೆ ತಿದಿ ಹಾಕಬೇಕು. ಪೆಟ್ಟಿಗೆ ಗಟ್ಟಿಯಾಗಿದ್ದರೆ ನಾಲ್ಕೈದು ಸಲ ಒತ್ತುವಷ್ಟರಲ್ಲಿ ಕೈಗೆ ತಡೆ ಸಿಗುತ್ತದೆ. ಸಿಗದಿದ್ದರೆ ಎಲ್ಲೋ ಸೋರಿಕೆ ಇದೆ. ತಿದಿಯ ಮಡಿಕೆಯ ತೊಗಲು ಬಿರಿದಿರಬಹುದು, ಪಟ್ಟಿಯ ಕೆಳಗಿನ ಮೆತ್ತೆಯನ್ನು ಹುಳ ತಿಂದಿರಬಹುದು. ತಾನೇ ಕೂಗುವ ಪಟ್ಟಿಯ ರೋಗವೂ ಬಹುಪಾಲು ಇದೇ: ತೂತು ಪೂರ್ತಿ ಮುಚ್ಚುತ್ತಿಲ್ಲ, ಇಲ್ಲವೇ ಸ್ಪ್ರಿಂಗ್ ಸೋತಿದೆ. ತೊಗಲು, ಬಟ್ಟೆ, ಮೆತ್ತೆ, ಸ್ಪ್ರಿಂಗ್ ಇವೆಲ್ಲ ಸವೆಯಲೆಂದೇ ಇರುವ ವಸ್ತುಗಳು. ಇವನ್ನು ಬದಲಿಸಿದರೆ ವಾದ್ಯದ ಹಳೆತನಕ್ಕೆ ಕುಂದಿಲ್ಲ.

ಗಾಳಿ ಸರಿಹೋದ ಮೇಲೆ ಸತ್ತಿವೆ ಎಂದುಕೊಂಡ ಎಷ್ಟೋ ರೀಡುಗಳು ತಾವಾಗಿಯೇ ಮಾತನಾಡುತ್ತವೆ. ಮಾತನಾಡದವುಗಳಲ್ಲಿಯೂ ಹಲವಕ್ಕೆ ಆಗಿರುವುದು ಇಷ್ಟೇ: ನಾಲಿಗೆ ಮತ್ತು ಸೀಳಿನ ನಡುವೆ ಒಂದು ಕಣ ಧೂಳು. ನಾಲಿಗೆಯನ್ನು ಮೆಲ್ಲಗೆ ಎತ್ತಿ ತೆಳು ಕಾಗದ ಹಾಯಿಸಿದರೆ ಸಾಕು. ಎಂಟಾಣೆಯ ಕೆಲಸಕ್ಕೆ 84 ರೀಡನ್ನೂ ಕಿತ್ತು ಹಾಕುವುದು ಹಲ್ಲುನೋವಿಗೆ ದವಡೆಯನ್ನೇ ತೆಗೆಸಿದಂತೆ.

ಹವೆಯನ್ನೂ ಮರೆಯಬಾರದು. ಮಳೆಗಾಲದ ತಂಪಿಗೆ ಕಟ್ಟಿಗೆ ಉಬ್ಬುತ್ತದೆ, ಪಟ್ಟಿಗಳು ಒಂದಕ್ಕೊಂದು ತಾಗಿ ಸಿಕ್ಕಿಕೊಳ್ಳುತ್ತವೆ. ಪಶ್ಚಿಮಕ್ಕಿರುವ ಹುಕ್ಕೇರಿ ಕಡೆ ಇದು ಹೆಚ್ಚು, ಮೂಡಲಗಿಯ ಒಣನೆಲದಲ್ಲಿ ಕಡಿಮೆ. ಆಷಾಢದಲ್ಲಿ ಪಟ್ಟಿ ಸಿಕ್ಕಿತೆಂದು ಉಜ್ಜಿಸಿದರೆ ಚೈತ್ರದಲ್ಲಿ ಅದು ಸಡಿಲಾಗಿ ಗಡಗಡ ಎನ್ನುತ್ತದೆ. ನಾಲ್ಕು ದಿನ ಬೆಚ್ಚಗಿನ ಒಣ ಜಾಗದಲ್ಲಿಟ್ಟು ನೋಡುವುದೇ ಮೊದಲ ಔಷಧ.

ಇನ್ನು ಕಷ್ಟದ ಪ್ರಶ್ನೆ. ಎಲ್ಲ ಸರಿಹೋದ ಮೇಲೂ ಪೇಟಿಯ ಸ್ವರ ಮೊಬೈಲಿನ ಶ್ರುತಿಮಾಪಕಕ್ಕೆ ಹೊಂದದೆ ಇರಬಹುದು. ಇದು ದೋಷವೆಂದು ಕೂಡಲೇ ತೀರ್ಮಾನಿಸಬಾರದು. ಫ್ರಾನ್ಸ್ 1859ರಲ್ಲಿ ಒಂದು ಮೂಲಸ್ವರವನ್ನು ಸೆಕೆಂಡಿಗೆ 435 ಕಂಪನವೆಂದು ಗೊತ್ತುಮಾಡಿತ್ತು. 1939ರ ಲಂಡನ್ ಸಮ್ಮೇಳನದಲ್ಲಿ ಅದೇ ಸ್ವರಕ್ಕೆ 440 ಎಂದಾಯಿತು. ಇವೆರಡರ ಅಂತರ ಅರ್ಧಸ್ವರದ ಐದನೆಯ ಒಂದು ಭಾಗದಷ್ಟು. ಹಳೆಯ ರೀಡು ತನ್ನ ಕಾಲದ ಲೆಕ್ಕಕ್ಕೆ ಸರಿಯಾಗಿಯೇ ಇರಬಹುದು.

ಇನ್ನೊಂದು ಸಾಧ್ಯತೆಯೂ ಇದೆ. ಮಾಪಕ ತೋರಿಸುವ ಗಾಂಧಾರಕ್ಕಿಂತ ತಂಬೂರಿಯಲ್ಲಿ ಹುಟ್ಟುವ ಗಾಂಧಾರ ತುಸು ತಗ್ಗು. ಸ್ವರಗಳು ಕಟ್ಟಿಹಾಕಿದಂತಿವೆ, ಗಮಕ ಬಾರದು ಎಂಬ ಆಕ್ಷೇಪದಿಂದಲೇ ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂಗೆ ಬಾಗಿಲು ಮುಚ್ಚಿತ್ತು. ತಂಬೂರಿಗೆ ಒಪ್ಪುವಂತೆ ತಮ್ಮ ಪೇಟಿಯನ್ನು ಕೂಡಿಸಿಕೊಂಡ ವಾದಕರೂ ಇದ್ದಾರೆ. ಯಂತ್ರ ತಪ್ಪೆಂದು ತೋರಿಸಿದ್ದು ಅಜ್ಜನ ಕಿವಿ ಸರಿಯೆಂದು ಒಪ್ಪಿದ ಸ್ವರವಾಗಿರಬಹುದು. ಅದನ್ನು ಕೆರೆದರೆ ಅಳಿಸಿದ್ದು ಅಜ್ಜನ ಕೈಬರಹವನ್ನೇ.

ಹಾಗಾದರೆ ನುಡಿಸುವ ಮಗುವಿನ ಗತಿ ಏನು? ಪೇಟಿ ವಸ್ತುಸಂಗ್ರಹಾಲಯದ ಗೊಂಬೆಯಲ್ಲ, ಅದು ನುಡಿಯಬೇಕು. ಮನೆಯಲ್ಲಿ ಒಬ್ಬರೇ ಹಾಡಿಕೊಳ್ಳಲು, ಭಜನೆಗೆ, ಅದರ ಸ್ವರಗಳು ತಮ್ಮತಮ್ಮೊಳಗೆ ಹೊಂದಿದ್ದರೆ ಸಾಕು. ಬೇರೆ ವಾದ್ಯಗಳೊಡನೆ ವೇದಿಕೆಗೆ ಹೋಗಬೇಕಾದರೆ ಅದಕ್ಕೊಂದು ಸಾದಾ ಹೊಸ ಪೇಟಿ ಇಟ್ಟುಕೊಳ್ಳುವುದು ಲೇಸು. ಅದು ಆಗದ ಮನೆಯಲ್ಲಿ ಕೆರೆಸುವುದು ಅನಿವಾರ್ಯವಾದೀತು, ತಪ್ಪಲ್ಲ. ಆದರೆ ತಿಳಿದು ಮಾಡಿದ್ದಾಗಿರಬೇಕು.

ಈ ವಿವೇಕ ನಮ್ಮಲ್ಲಿಗೆ ಮಾತ್ರ ಸೇರಿದ್ದಲ್ಲ. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ವಿದ್ಯುತ್ ಬಾಸ್ ಗಿಟಾರನ್ನು ಇಂದು ಸಂಗ್ರಾಹಕರು ಹುಡುಕಿ ಕೊಳ್ಳುತ್ತಾರೆ. ಬಣ್ಣ ಚಕ್ಕೆ ಎದ್ದಿದ್ದರೂ ಮೂಲ ಬಣ್ಣವೇ ಇದ್ದರೆ ಅದಕ್ಕೆ ಬೆಲೆ ಹೆಚ್ಚು; ಹೊಸ ಬಣ್ಣ ಬಳಿದು ಥಳಥಳ ಮಾಡಿದ್ದಕ್ಕೆ ಕಡಿಮೆ. ಹಳೆಯ ಸ್ಕ್ರೂ ಕೂಡ ಎಸೆಯುವುದಿಲ್ಲ. ಪೇಟಿಯ ಮಾತೂ ಅದೇ. ಉಜ್ಜುಕಾಗದ ಹಾಕಿದರೆ ತಯಾರಕನ ಹೆಸರು, ಬೆರಳು ಸವೆಸಿದ ಗುರುತು, ಅರಗಿನ ಹಳೆಯ ಪಾಲಿಶ್ ಎಲ್ಲವೂ ಒಂದೇ ಮಧ್ಯಾಹ್ನದಲ್ಲಿ ಹೋಗುತ್ತವೆ. ಒಣ ಬಟ್ಟೆಯಲ್ಲಿ ಒರೆಸುವುದರಿಂದ ಆರಂಭಿಸಿದರೆ ಸಾಕು.

ತಂಬೂರಿ, ಸಿತಾರ ಕೆಟ್ಟರೆ ಘಟಪ್ರಭಾದಲ್ಲಿ ರೈಲು ಹತ್ತಿ ಮಿರಜಕ್ಕೆ ಹೋಗಬಹುದು. ಪೇಟಿಗೆ ಅಂಥ ಒಂದೇ ಊರಿಲ್ಲ. ಊರಿನ ಪೇಟಿ ಮಾಸ್ತರರನ್ನು ವಿಚಾರಿಸಿ ಒಳ್ಳೆಯ ಕೈಯನ್ನು ಹುಡುಕಬೇಕು. ಕೊಡುವ ಮುನ್ನ ಪಾಲಕರು ಮೂರು ಮಾತು ಕೇಳಲಿ: ಏನನ್ನು ಬದಲಿಸುತ್ತೀರಿ? ಏಕೆ? ತೆಗೆದ ಭಾಗವನ್ನು ನಮಗೇ ಕೊಡುತ್ತೀರಾ? ಪೇಟಿಯ ಒಳಗಿನ ಫೋಟೋ ತೆಗೆದಿಡಲಿ. ಯಾವ ಪಟ್ಟಿಗೆ ಯಾವ ತೊಂದರೆ, ಯಾವ ದಿನ ಏನು ಮಾಡಿದರು ಎಂಬುದನ್ನು ಮಗುವೇ ಒಂದು ನೋಟುಬುಕ್ಕಿನಲ್ಲಿ ಬರೆಯಲಿ. ಸಾಧ್ಯವಾದರೆ ಕಸಬುದಾರನ ಪಕ್ಕದಲ್ಲಿ ಒಂದು ದಿನ ಕುಳಿತು ನೋಡಲಿ. ಪುಸ್ತಕದಲ್ಲಿ ಓದಿದ ಕಂಪನ, ಆವೃತ್ತಿ, ಗಾಳಿಯ ಒತ್ತಡ ಅಲ್ಲಿ ಕಣ್ಣಿಗೆ ಕಾಣುತ್ತವೆ, ಕಿವಿಗೆ ಕೇಳುತ್ತವೆ.

ಮುಂದೆಂದಾದರೂ ಮೊಮ್ಮಕ್ಕಳು ಆ ಪೇಟಿಯನ್ನು ತೆರೆದಾಗ ಒಳಗೆ ಆ ನೋಟುಬುಕ್ಕು, ಒಂದು ಲಕೋಟೆಯಲ್ಲಿ ಹಳೆಯ ತೊಗಲಿನ ಚೂರು, ನಾಲ್ಕು ತುಕ್ಕು ಹಿಡಿದ ಮೊಳೆ ಸಿಗಲಿ. ತಿದಿ ಹಾಕಿ ಕರಿ ಒಂದರ ಮೇಲೆ ಬೆರಳಿಟ್ಟರೆ, ಅಜ್ಜ ಕೇಳಿದ ಸ್ವರವೇ ಅವರಿಗೂ ಕೇಳಲಿ.