ದನ ಕಾಯೋಕೆ ಲಾಯಕ್ಕು

ಪರೀಕ್ಷೆಯಲ್ಲಿ ಫೇಲಾದ ಹುಡುಗನಿಗೆ ಕನ್ನಡದ ಮನೆಗಳಲ್ಲಿ ಬೀಳುವ ಮೊದಲ ಬೈಗುಳ ನಿಮಗೆ ಗೊತ್ತೇ ಇದೆ: ‘ನೀನು ದನ ಕಾಯೋಕೆ ಲಾಯಕ್ಕು.’ ಮುಂಬಯಿಗೋ ದೆಹಲಿಗೋ ಬಂದು ಮೂರು ತಲೆಮಾರು ಕಳೆದ ಮನೆಗಳಲ್ಲೂ, ಅರ್ಧ ಕನ್ನಡ ಮರೆತವರ ಬಾಯಲ್ಲೂ, ಈ ಮಾತು ಉಳಿದಿರುತ್ತದೆ. ಇದರ ಹಿಂದೆ ಎರಡು ನಂಬಿಕೆಗಳಿವೆ. ಒಂದು, ದನ ಕಾಯಲು ತಲೆ ಬೇಕಿಲ್ಲ. ಎರಡು, ದನ ಮೇಯುವ ಜಾಗಕ್ಕೆ ಬೆಲೆಯಿಲ್ಲ. ಇವು ಮನೆಯ ಜಗಲಿಯಲ್ಲೇ ಉಳಿದಿದ್ದರೆ ದೊಡ್ಡ ನಷ್ಟವೇನೂ ಇರಲಿಲ್ಲ. ಆದರೆ ಅವು ಕಂದಾಯ ಇಲಾಖೆಯ ಕಡತ ಸೇರಿ, ಲಕ್ಷಾಂತರ ಎಕರೆ ಹುಲ್ಲುಗಾವಲನ್ನು ನುಂಗಿವೆ. ಎರಡೂ ಸುಳ್ಳು.

ಮೊದಲು ತಲೆಯ ವಿಷಯ. ಹುಲ್ಲು ಬೆಳೆಯುವುದು ಬುಡದಿಂದ. ತುದಿ ಕಚ್ಚಿದರೆ ಸಾಯದೆ ಮತ್ತೆ ಚಿಗುರುತ್ತದೆ. ಆ ಚಿಗುರಿಗೆ ಬೇಕಾದ ಶಕ್ತಿ ಬುಡದಲ್ಲೂ ಬೇರಲ್ಲೂ ಕೂಡಿಟ್ಟದ್ದು. ಎಲೆ ಬಲಿತು ಆ ಸಾಲ ತೀರಿಸುವ ಮೊದಲೇ ದನ ಎರಡನೇ ಸಲ ಬಾಯಿ ಹಾಕಿದರೆ ಬೇರು ಸೊರಗುತ್ತದೆ. ಹೀಗೇ ನಡೆದರೆ ಒಳ್ಳೆಯ ಹುಲ್ಲು ಹೋಗಿ ದನ ಮೂಸದ ಕಳೆ ಮೇಲೇಳುತ್ತದೆ. ಫ್ರಾನ್ಸಿನ ಆಂದ್ರೆ ವ್ವಾಜಾಂ 1957ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒತ್ತಿ ಹೇಳಿದ್ದು ಇದನ್ನೇ: ಎಷ್ಟು ದನ ಮೇಯುತ್ತವೆ ಎಂಬುದಕ್ಕಿಂತ ಎಷ್ಟು ದಿನ ಮೇಯುತ್ತವೆ, ಮತ್ತೆ ಎಷ್ಟು ದಿನ ಬಿಟ್ಟು ಬರುತ್ತವೆ ಎಂಬುದು ಮುಖ್ಯ.

ಇವತ್ತು ಅಮೆರಿಕದ ರಾಂಚುಗಳಲ್ಲಿ ಅನೇಕರು ಇದೇ ಲೆಕ್ಕದಲ್ಲಿ ದಿನ ದೂಡುತ್ತಾರೆ. ವಸಂತದಲ್ಲಿ ಹುಲ್ಲು ನಾಗಾಲೋಟದಲ್ಲಿ ಬೆಳೆಯುವುದರಿಂದ ಹಿಂಡನ್ನು ದಿನಕ್ಕೊಂದು ಪಾಲಿಗೆ ದಾಟಿಸುತ್ತಾರೆ. ಬೆಳವಣಿಗೆ ನಿಧಾನವಾದಾಗ ಪ್ರತಿ ಪಾಲಿಗೂ ಹೆಚ್ಚು ದಿನ ಬಿಡುವು ಕೊಡುತ್ತಾರೆ. ಬೆಳಗ್ಗೆ ಎದ್ದರೆ ಕರೆಂಟು ತಂತಿ ಸರಿಸಬೇಕು, ನೀರಿನ ತೊಟ್ಟಿ ನೋಡಬೇಕು, ಉಳಿದ ಹುಲ್ಲಿನ ಎತ್ತರ ನೋಡಬೇಕು, ಸಗಣಿ ತೆಳುವೋ ಗಟ್ಟಿಯೋ ನೋಡಿ ಮೇವು ಹೇಗಿದೆ ಎಂದು ಅಂದಾಜು ಮಾಡಬೇಕು. ಇದಕ್ಕೆ ಅಲ್ಲಿ ತರಬೇತಿ ಶಿಬಿರಗಳಿವೆ, ಸಲಹೆಗಾರರಿದ್ದಾರೆ. ಜಿಂಬಾಬ್ವೆಯ ಆಲನ್ ಸೇವರಿ 2013ರ ತಮ್ಮ ಪ್ರಸಿದ್ಧ ಭಾಷಣದಲ್ಲಿ, ಹೀಗೆ ಮೇಯಿಸಿದರೆ ಹವಾಮಾನ ಬದಲಾವಣೆಯನ್ನೇ ಹಿಮ್ಮೆಟ್ಟಿಸಬಹುದು ಎಂದರು. ಆ ಮಾತನ್ನು ಅನೇಕ ವಿಜ್ಞಾನಿಗಳು ಒಪ್ಪಿಲ್ಲ. ನನ್ನ ವಾದಕ್ಕೂ ಅಷ್ಟು ದೊಡ್ಡ ಮಾತು ಬೇಕಿಲ್ಲ. ಮೇಯಿಸುವುದು ಲೆಕ್ಕ ಬಲ್ಲವರ ಕೆಲಸ ಎಂದು ಒಪ್ಪಿದರೆ ಸಾಕು.

ಈ ಲೆಕ್ಕ ಮೈಸೂರು ಸೀಮೆಗೆ ಹೊಸದೇನಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಹೈದರನ ಕಾಲದಲ್ಲಿ ಬೆಳೆದು, ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎಂಬ ಹೆಸರು ಪಡೆಯಿತು. ಆ ದನಗಳಿಗೆಂದು ಮೀಸಲಾದ ಹುಲ್ಲುಗಾವಲುಗಳೇ ಕಾವಲುಗಳು. ಅವುಗಳಲ್ಲಿ ಮೂರು ಬಗೆ: ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು. ಬೇಸಿಗೆ ಕಾವಲೆಂದರೆ ಹೆಚ್ಚಾಗಿ ಕೆರೆಯಂಗಳ. ನೀರು ಇಳಿದಂತೆ ಅಲ್ಲಿ ಹಸಿರು ಮೇವು ಸಿಗುತ್ತಿತ್ತು, ನೆರಳಿಗೆ ಮರಗಳಿರುತ್ತಿದ್ದವು. ಎಲ್ಲಕ್ಕಿಂತ ಬೆಲೆಯುಳ್ಳದ್ದು ಅದೇ, ಕಟ್ಟುನಿಟ್ಟಿನ ಕಾಯುವಿಕೆಯೂ ಅದಕ್ಕೇ. ಉಳಿದೆರಡರಲ್ಲಿ ಆಯಾ ಕಾಲಕ್ಕೆ ಹುಲ್ಲೂ ನೀರೂ ಸಮೃದ್ಧ. ಕಾಲ ಮುಗಿದರೆ ಒಣಗುತ್ತಿದ್ದವು. ಪ್ರತಿ ಹಿಂಡಿಗೂ ಮೂರೂ ಬಗೆಯ ಕಾವಲುಗಳನ್ನು ಗೊತ್ತು ಮಾಡಿ, ಕಾಲಕ್ಕೆ ತಕ್ಕಂತೆ ಹೊಡೆದುಕೊಂಡು ಹೋಗುತ್ತಿದ್ದರು. ಕರೆಂಟು ತಂತಿಯ ಕೆಲಸವನ್ನು ಇಲ್ಲಿ ಕಾವಲುಗಾರರು ಮಾಡುತ್ತಿದ್ದರು.

ಈಗ ಎರಡನೇ ಸುಳ್ಳಿಗೆ ಬನ್ನಿ. ಜುಲೈನಲ್ಲಿ ಹಸಿರಾಗಿದ್ದ ಕಾವಲು ಮಾರ್ಚಿನಲ್ಲಿ ಬೋಳು. ಅದನ್ನು ಮಾರ್ಚಿನಲ್ಲಿ ನೋಡಿದ ಅಧಿಕಾರಿ ‘ಖಾಲಿ ಜಾಗ’ ಎಂದು ಬರೆಯುತ್ತಾನೆ. ಕಂದಾಯ ಕೊಡದ ನೆಲವನ್ನೆಲ್ಲ ಬ್ರಿಟಿಷರು ಪಾಳು ಎಂದರು. ಸ್ವತಂತ್ರ ಭಾರತ ಆ ಪದವನ್ನು ಹಾಗೇ ಇಟ್ಟುಕೊಂಡು, ಪಾಳುಭೂಮಿಗಳ ನಕಾಶೆ ಪುಸ್ತಕವನ್ನೇ ಮತ್ತೆ ಮತ್ತೆ ಅಚ್ಚು ಹಾಕಿಸುತ್ತಿದೆ. ಕುರುಚಲು ನೆಲ, ಸವೆದ ಗೋಮಾಳ ಎಲ್ಲವೂ ಆ ಪಟ್ಟಿಯಲ್ಲಿವೆ. ಬೆಳೆ ಕೊಯ್ದ ಮೇಲೆ ಬೋಳಾಗುವ ಹೊಲವನ್ನು ಯಾರೂ ಪಾಳು ಎನ್ನುವುದಿಲ್ಲ. ಬಿಡುವಿನಲ್ಲಿರುವ ಹುಲ್ಲುಗಾವಲಿಗೆ ಮಾತ್ರ ಆ ಹೆಸರು.

ಒಮ್ಮೆ ‘ಪಾಳು’ ಎಂದು ಬರೆದ ಮೇಲೆ ಉಳಿದ ಕೆಲಸ ಸುಲಭ. ಒಂದು ಕಾಲಕ್ಕೆ 4 ಲಕ್ಷ ಎಕರೆಗೂ ಮೀರಿದ್ದ ಅಮೃತ ಮಹಲ್ ಕಾವಲುಗಳಲ್ಲಿ ಇಂದು ಉಳಿದಿರುವುದು ಸಣ್ಣ ಪಾಲು. ಒಂದಿಷ್ಟು ಉಳುಮೆಗೆ ಹೋಯಿತು, ಒಂದಿಷ್ಟು ನೀಲಗಿರಿ ನೆಡಲು ಹೋಯಿತು, ಒಂದಿಷ್ಟನ್ನು ಬಳ್ಳಾರಿ ಜಾಲಿ ತಿಂದಿತು. 2010ರ ಆಸುಪಾಸಿನಲ್ಲಿ ಚಳ್ಳಕೆರೆಯ ಕಾವಲಿನ ಸುಮಾರು 10 ಸಾವಿರ ಎಕರೆ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ, ಉನ್ನತ ವಿಜ್ಞಾನದ ಸಂಸ್ಥೆಗಳ ಪಾಲಾಯಿತು. ಕುರಿ, ದನ, ಕಂಬಳಿ ನಂಬಿದ ಸುತ್ತಲಿನ ಹಳ್ಳಿಗಳಿಗೂ ಮೇವಿಗೂ ನಡುವೆ ಗೋಡೆ ಎದ್ದಿತು. ವಿಷಯ ಚೆನ್ನೈನ ಹಸಿರು ನ್ಯಾಯಮಂಡಳಿ ಪೀಠದವರೆಗೂ ಹೋಯಿತು. ಗೋಡೆ ಉಳಿಯಿತು.

‘ವಿಜ್ಞಾನಕ್ಕೆ ಜಾಗ ಬೇಡವೇ?’ ಎಂದು ಕೇಳುವಿರಿ. ಬೇಕು. ಆದರೆ ದೇಶದ ಪ್ರಗತಿಗೆ ಜಾಗ ಬೇಕಾದಾಗಲೆಲ್ಲ ನಕಾಶೆಯ ಮೇಲೆ ಬೆರಳು ಹುಲ್ಲಿನ ಮೇಲೇ ಬೀಳುವುದೇಕೆ? ಅಡಿಕೆ ತೋಟದ ಮಾಲೀಕನ ಬಳಿ ಪತ್ರವಿದೆ, ವಕೀಲನಿದ್ದಾನೆ. ಕಾಡುಗೊಲ್ಲರ ಹಟ್ಟಿಯವನ ಬಳಿ ಇರುವುದು ರೂಢಿ ಮಾತ್ರ. ‘ದನ ಕಾಯೋಕೆ ಲಾಯಕ್ಕು’ ಎಂಬ ಬೈಗುಳ ಯಾವ ಜಾತಿಗಳ ಕಡೆ ಬೆರಳು ತೋರಿಸುತ್ತದೋ, ಕಳೆದುಕೊಳ್ಳುವವರೂ ಅವರೇ.

‘ಈಗ ಎತ್ತು ಯಾರಿಗೆ ಬೇಕು? ಕೊಟ್ಟಿಗೆಯಲ್ಲಿ ಕಟ್ಟಿ ಮೇಯಿಸಿದರಾಯಿತು’ ಎನ್ನುವವರಿದ್ದಾರೆ. ಕೊಟ್ಟಿಗೆಯ ಮೇವು ಆಕಾಶದಿಂದ ಇಳಿಯುವುದಿಲ್ಲ. ಅದಕ್ಕೂ ನೆಲ ಬೇಕು, ನೀರು ಬೇಕು, ಕೊಳ್ಳಲು ದುಡ್ಡು ಬೇಕು. ಎರಡು ಹಸುವಿನ ಹೆಂಗಸಿಗೆ ಗೋಮಾಳವೇ ಬಂಡವಾಳ. ಇನ್ನು ಕೆಲವರು ಗ್ಯಾರೆಟ್ ಹಾರ್ಡಿನ್‌ನನ್ನು ತರುತ್ತಾರೆ. ಎಲ್ಲರದೂ ಆದ ಹುಲ್ಲುಗಾವಲು ಎಲ್ಲರ ದುರಾಸೆಗೆ ಬಲಿಯಾಗುತ್ತದೆ ಎಂದು 1968ರಲ್ಲಿ ಬರೆದವನು ಆತ. ಊರವರೇ ಕಟ್ಟಳೆ ಮಾಡಿಕೊಂಡು ಇಂಥ ಸೊತ್ತನ್ನು ತಲೆಮಾರುಗಟ್ಟಲೆ ಉಳಿಸಿಕೊಂಡದ್ದನ್ನು ತೋರಿಸಿದ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ನೊಬೆಲ್ ಬಂತು. ಕಟ್ಟಳೆ ಇರುವ ಕಡೆ ಹುಲ್ಲು ಉಳಿಯುತ್ತದೆ. ನಮ್ಮಲ್ಲಿ ಕಟ್ಟಳೆ ಮುರಿದದ್ದು ದನ ಕಾಯುವವನಲ್ಲ.

ಉಳಿತಾಯದ ಹೆಸರಿನಲ್ಲಿ ಮೈಮೇಲೆ ಎಳೆದುಕೊಂಡ ನಷ್ಟಕ್ಕೆ ಇತಿಹಾಸದಲ್ಲೇ ಸಾಕ್ಷಿಯಿದೆ. 1860ರಲ್ಲಿ ಮದ್ರಾಸ್ ಸರ್ಕಾರ ಖರ್ಚು ಕಡಿಮೆ ಮಾಡಲು ಅಮೃತ ಮಹಲ್ ಹಿಂಡುಗಳನ್ನೇ ಮಾರಿಬಿಟ್ಟಿತು. 1866ರಲ್ಲಿ ಮತ್ತೆ ಹಿಂಡು ಕಟ್ಟಲು ಹೊರಟಿತು. ಆಗ ಕಾವಲುಗಳು ಉಳಿದಿದ್ದವು, ಆದ್ದರಿಂದ ಮರಳಲು ದಾರಿಯಿತ್ತು. ದನವನ್ನು ಮತ್ತೆ ಸಾಕಬಹುದು. ಕಾಂಕ್ರೀಟಿನ ಕೆಳಗೆ ಹೋದ ಹುಲ್ಲನ್ನು, ಅದನ್ನು ನಂಬಿದ ಕೃಷ್ಣಮೃಗ, ತೋಳ, ಎರ್ಲಡ್ಡು ಹಕ್ಕಿಗಳನ್ನು ಯಾವ ಸರ್ಕಾರಿ ಆದೇಶವೂ ಮರಳಿ ತರಲಾರದು.

ಕಾನೂನಿಲ್ಲ ಎಂಬ ನೆಪವೂ ಇಲ್ಲ. ಕರ್ನಾಟಕದ ನಿಯಮದ ಪ್ರಕಾರ ಪ್ರತಿ 100 ಜಾನುವಾರಿಗೆ 30 ಎಕರೆಯಷ್ಟು ಗೋಮಾಳ ಇರಬೇಕು. ಊರಿನ ಸಾಮೂಹಿಕ ಜಮೀನಿನ ಒತ್ತುವರಿ ತೆರವುಗೊಳಿಸಬೇಕೆಂದು ಸುಪ್ರೀಂ ಕೋರ್ಟು 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ.

ದೂರದ ಊರಿನಲ್ಲಿ ಕೂತು ನಾವೇನು ಮಾಡುವುದು ಎನ್ನಬೇಡಿ. ನಿಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಇನ್ನೂ ಮನೆಯಿದೆ, ಪಹಣಿಯಲ್ಲಿ ಹೆಸರಿದೆ, ಪಂಚಾಯಿತಿಯಲ್ಲಿ ಗುರುತಿದೆ. ಗೋಮಾಳದ ಸರ್ವೆ ನಂಬರು ಯಾವುದು, ಎಷ್ಟು ಎಕರೆ ಉಳಿದಿದೆ ಎಂದು ಊರಿಗೆ ಫೋನು ಮಾಡಿ ಕೇಳಿ. ಹಬ್ಬಕ್ಕೆ ಹೋದಾಗ ‘ಬೋಳು ಜಾಗ’ದಲ್ಲಿ ಗಿಡ ನೆಡುವ ಪುಣ್ಯಕಾರ್ಯಕ್ಕೆ ಚಂದಾ ಕೊಡುವ ಮೊದಲು, ಅಲ್ಲಿ ಯಾರ ದನ ಮೇಯುತ್ತಿದೆ ಎಂದು ವಿಚಾರಿಸಿ. ಕಡಿಮೆ ಅಂಕ ತಂದ ಮಗನಿಗೆ ಬೇರೇನಾದರೂ ಬೈಯಿರಿ. ದನ ಕಾಯೋಕೆ ಲಾಯಕ್ಕಾಗುವುದು ಅಷ್ಟು ಸುಲಭದ ಮಾತಲ್ಲ.