ಘಟ್ಟ ಇಳಿಯುವ ಮೊದಲು ಕಡಲನ್ನು ಕೇಳಿ



ನಮ್ಮ ಕೊಡಗಿಗೆ ಸಮುದ್ರವಿಲ್ಲ. ಆದರೆ ಸಮುದ್ರದ ಮೀನಿಲ್ಲದೆ ನಮ್ಮಲ್ಲಿ ಎಷ್ಟೋ ಮನೆಗಳ ಊಟ ಪೂರ್ತಿಯಾಗುವುದಿಲ್ಲ. ಬೆಳಿಗ್ಗೆ ಮೀನಿನ ಗಾಡಿಯ ಹಾರ್ನ್ ಕೇಳಿದರೆ ಸಾಕು, ಪಾತ್ರೆ ಹಿಡಿದು ಗೇಟಿನ ಬಳಿ ನಿಲ್ಲುವವರು ನಾವು. ವಿರಾಜಪೇಟೆಯ ಕಡೆ ಮತ್ತಿ ಎಂದು ಕೊಂಡ ಮೀನನ್ನೇ ಸಂಪಾಜೆ ಇಳಿದರೆ ಬೂತಾಯಿ ಎನ್ನುತ್ತಾರೆ. ಹೆಸರು ಯಾವುದಾದರೇನು, ಮೀನು ಗಾಡಿಯಲ್ಲಿ ಬರುತ್ತದೆ, ನಾವು ಕೊಳ್ಳುತ್ತೇವೆ. ಅದು ಯಾವ ಕಡಲಿನಿಂದ ಬಂತು, ಆ ದಿನ ಕಡಲು ಹೇಗಿತ್ತು ಎಂದು ಕೇಳುವ ಅಗತ್ಯ ನಮಗೆ ಬಿದ್ದಿರಲಿಲ್ಲ.

ಈಗ ಬಿದ್ದಿದೆ. ಇತ್ತೀಚಿನ ವರ್ಷಗಳಲ್ಲಿ ನಮ್ಮ ಮನೆಗಳ ಹುಡುಗರು ಗಾಳದ ರಾಡ್, ರೀಲ್ ಕೊಂಡು ರಜಾ ದಿನಗಳಲ್ಲಿ ಘಟ್ಟ ಇಳಿಯತೊಡಗಿದ್ದಾರೆ. ವಿರಾಜಪೇಟೆಯವರು ಮಾಕುಟ್ಟ, ಇರಿಟ್ಟಿ ದಾಟಿ ಕಣ್ಣೂರು, ತಲಶ್ಶೇರಿಗೆ ಹೋಗುತ್ತಾರೆ. ಮಡಿಕೇರಿ, ಸುಂಟಿಕೊಪ್ಪದವರು ಸಂಪಾಜೆ, ಸುಳ್ಯದ ದಾರಿಯಾಗಿ ಮಂಗಳೂರಿಗೆ. ಇದು ಕೆಟ್ಟ ಹವ್ಯಾಸವಲ್ಲ. ಬೀದಿ ಬದಿಯಲ್ಲಿ ಕೂತು ಮೊಬೈಲ್ ನೋಡುವುದಕ್ಕಿಂತ ನೂರು ಪಾಲು ಮೇಲು. ತಾಳ್ಮೆ ಕಲಿಸುತ್ತದೆ, ಹಲಾಲ್ ಆಹಾರವನ್ನೂ ತರುತ್ತದೆ. ಆದರೆ ಹೊಳೆಯಲ್ಲಿ ಗಾಳ ಹಾಕಿ ಬೆಳೆದ ಹುಡುಗನಿಗೆ ಕಡಲು ತಿಳಿದಿರುವುದಿಲ್ಲ. ಅವನನ್ನು ಕಳುಹಿಸಿಕೊಡುವ ನಮಗೂ ತಿಳಿದಿಲ್ಲ. ಇದನ್ನು ಬರೆಯಲು ನನ್ನ ಮನೆಯಲ್ಲೇ ನಡೆದ ಒಂದು ಘಟನೆ ಕಾರಣ.

ಎರಡು ವರ್ಷಗಳ ಹಿಂದೆ, ಏಪ್ರಿಲ್ ತಿಂಗಳ ಒಂದು ಭಾನುವಾರ. ನನ್ನ ತಂಗಿಯ ಮಗ ಮೂವರು ಗೆಳೆಯರೊಂದಿಗೆ ಸುಬ್ಹಿ ನಮಾಝ್ ಮುಗಿಸಿ ಕಣ್ಣೂರಿನ ಕಡೆಗೆ ಹೊರಟ. ಅವನ ಉಮ್ಮ ಹೊರಡುವಾಗ ಕೇಳಿದ್ದು ಎರಡೇ ಮಾತು: "ಮಳೆ ಬರುತ್ತದಾ? ಊಟಕ್ಕೆ ಏನು?" ಮಳೆ ಇರಲಿಲ್ಲ. ಆಕಾಶ ತೊಳೆದಿಟ್ಟಂತಿತ್ತು. ಗಾಳಿಯೂ ಇರಲಿಲ್ಲ. ಹುಡುಗರು ಸಮುದ್ರಕ್ಕೆ ಚಾಚಿಕೊಂಡ ಒಂದು ಬಂಡೆಯ ಮೇಲೆ ನಿಂತು ಗಾಳ ಎಸೆದರು. ಒಂದು ಗಂಟೆ ಏನೂ ಆಗಲಿಲ್ಲ. ಇವನು ಎರೆ ಸಿಕ್ಕಿಸಲು ಕಡಲಿಗೆ ಬೆನ್ನು ಮಾಡಿ ಕೂತಿದ್ದಾಗ ಒಂದು ಅಲೆ, ಉಳಿದವುಗಳಿಗಿಂತ ಎರಡು ಪಾಲು ದೊಡ್ಡದು, ಬಂಡೆಯ ಮೇಲೆ ಹತ್ತಿ ಅವನನ್ನು ಎಳೆದುಕೊಂಡು ಹೋಯಿತು. ಬಂಡೆಯ ಸಂದಿಗೆ ಸಿಕ್ಕಿಕೊಂಡದ್ದರಿಂದ ಉಳಿದ. ಬಂಡೆಗೆ ಅಂಟಿದ ಚಿಪ್ಪುಗಳು ಅವನ ಎರಡೂ ಮೊಣಕಾಲು, ಅಂಗೈಗಳನ್ನು ಗೀರಿಬಿಟ್ಟಿದ್ದವು. ರಾತ್ರಿ ಮನೆಗೆ ಬಂದವನು ನನ್ನೊಡನೆ ಹೇಳಿದ್ದು ಒಂದೇ ಮಾತು: "ಮೂತ್ತಮ್ಮಾ, ಆಕಾಶ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ."

ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ನಾವು ಬೆಟ್ಟದವರು. ನಮಗೆ ನೀರಿನ ಅಪಾಯವೆಂದರೆ ಮೊದಲು ಮಳೆಯೇ. ಭಾಗಮಂಡಲದಲ್ಲಿ ನೀರು ಏರಿದರೆ ಕೆಳಗಿನ ಊರುಗಳಿಗೆ ಸುದ್ದಿ ಮುಟ್ಟುತ್ತದೆ. 2018ರ ಆಗಸ್ಟ್ ಕಂಡ ಮೇಲಂತೂ ರೆಡ್ ಅಲರ್ಟ್, ಆರೆಂಜ್ ಅಲರ್ಟ್ ಎಂಬ ಮಾತುಗಳು ನಮ್ಮ ಪುಟ್ಟ ಮಕ್ಕಳಿಗೂ ಬಾಯಿಪಾಠ. ಆದರೆ ಕಡಲಿಗೆ ಬೇರೆಯೇ ಅಲರ್ಟ್ ಇದೆ ಎಂದು ಎಷ್ಟು ಮಂದಿಗೆ ಗೊತ್ತು?

ಕಳ್ಳ ಕಡಲು

ಮಲಯಾಳದಲ್ಲಿ "ಕಳ್ಳಕ್ಕಡಲ್" ಎಂಬ ಮಾತಿದೆ. ನಮ್ಮ ಕನ್ನಡದಲ್ಲೂ ಅದು ಕಳ್ಳ ಕಡಲೇ. ಹೇಳದೆ ಕೇಳದೆ ಕಳ್ಳನ ಹಾಗೆ ಬರುವ ಸಮುದ್ರ. ದೂರದ ದಕ್ಷಿಣದಲ್ಲಿ, ಹಿಂದೂ ಮಹಾಸಾಗರದ ಕೊನೆಯಲ್ಲಿ ಬಿರುಗಾಳಿ ಬೀಸಿದಾಗ ಅಲ್ಲಿ ದೊಡ್ಡ ಅಲೆಗಳು ಏಳುತ್ತವೆ. ಅವು ಸಾವಿರಾರು ಕಿಲೋಮೀಟರ್ ದೂರ ಉರುಳುತ್ತಾ ಕೆಲವು ದಿನಗಳ ನಂತರ ನಮ್ಮ ತೀರಕ್ಕೆ ಬಂದು ಮುಟ್ಟುತ್ತವೆ. ಆಗ ನಮ್ಮಲ್ಲಿ ಗಾಳಿಯೂ ಇಲ್ಲ, ಮೋಡವೂ ಇಲ್ಲ. ಮಳೆಗಾಲಕ್ಕೆ ಮುಂಚಿನ ಏಪ್ರಿಲ್, ಮೇ ತಿಂಗಳುಗಳಲ್ಲಿ ಇದು ಹೆಚ್ಚು. ನಮ್ಮ ಮಕ್ಕಳಿಗೆ ಬೇಸಿಗೆ ರಜೆ ಇರುವುದೂ ಆಗಲೇ ಎಂಬುದನ್ನು ನೆನಪಿಡಿ.

2024ರ ಮೇ 6ರಂದು ಕನ್ಯಾಕುಮಾರಿ ಜಿಲ್ಲೆಯ ಲೆಮೂರ್ ತೀರದಲ್ಲಿ ಐವರು ವೈದ್ಯಕೀಯ ವಿದ್ಯಾರ್ಥಿಗಳು ಇಂತಹ ದಿನದಲ್ಲೇ ಅಲೆಗೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಕಡಲು ಉಬ್ಬುತ್ತದೆ ಎಂಬ ಮುನ್ನೆಚ್ಚರಿಕೆ ಆಗಲೇ ಹೊರಬಿದ್ದಿತ್ತು. ಓದಿದ ಮಕ್ಕಳು, ವೈದ್ಯರಾಗುವವರು. ಓದು ಇದ್ದರೂ ಆ ಒಂದು ಸುದ್ದಿ ನೋಡದಿದ್ದರೆ ಏನಾಗಬಹುದು ಎಂಬುದಕ್ಕೆ ಇದಕ್ಕಿಂತ ದುಃಖದ ಉದಾಹರಣೆ ಬೇಡ.

ಈ ಮುನ್ನೆಚ್ಚರಿಕೆ ಕೊಡುವುದು ಹೈದರಾಬಾದಿನಲ್ಲಿರುವ ಕೇಂದ್ರ ಸರಕಾರದ ಸಂಸ್ಥೆ. 1999ರಲ್ಲಿ ಆರಂಭವಾದ ಅದನ್ನು ಚಿಕ್ಕದಾಗಿ ಇನ್‌ಕಾಯ್ಸ್ ಎನ್ನುತ್ತಾರೆ. ಯಾವ ತೀರದಲ್ಲಿ ಅಲೆ ಎಷ್ಟು ಎತ್ತರ, ಗಾಳಿ ಎಷ್ಟು, ಎಂದಿನವರೆಗೆ ಎಚ್ಚರಿಕೆ ಎಂಬುದನ್ನು ಅದು ಪ್ರತಿದಿನ ತಿಳಿಸುತ್ತದೆ. "ಸಮುದ್ರ" ಎಂಬ ಅದರ ಮೊಬೈಲ್ ಆ್ಯಪ್ ಕೂಡಾ ಇದೆ. ಅದರಲ್ಲಿ ಎರಡು ಮೀಟರ್ ಅಲೆ ಎಂದು ಕಂಡರೆ ಎಲ್ಲ ಅಲೆಗಳೂ ಅಷ್ಟೇ ಎಂದುಕೊಳ್ಳಬಾರದು. ಅದು ದೊಡ್ಡ ಅಲೆಗಳ ಸರಾಸರಿ ಲೆಕ್ಕ. ನಡುವೆ ಒಂದು ಅಲೆ ಅದರ ಎರಡು ಪಾಲಿನ ಹತ್ತಿರ ಬರಬಹುದು. ನನ್ನ ತಂಗಿಯ ಮಗನನ್ನು ಎಳೆದದ್ದು ಅಂಥದ್ದೇ ಒಂದು ಅಲೆಯಾಗಿರಬೇಕು.

ನಮ್ಮ ಕ್ಯಾಲೆಂಡರಿನಲ್ಲೇ ಉಬ್ಬರ ಇಳಿತ

ಇನ್ನೊಂದು ಸಂಗತಿ ಆ್ಯಪ್ ಇಲ್ಲದೆಯೂ ನಮಗೆ ತಿಳಿಯುತ್ತದೆ. ಅಡುಗೆ ಮನೆಯ ಗೋಡೆಯಲ್ಲಿ ತೂಗುವ ಕ್ಯಾಲೆಂಡರಿನ ಹಿಜ್ರಿ ತಾರೀಖು ನೋಡಿದರೆ ಸಾಕು.

ಸಮುದ್ರದ ಉಬ್ಬರ ಇಳಿತ ಚಂದ್ರನ ಲೆಕ್ಕದಲ್ಲಿ ನಡೆಯುತ್ತದೆ. ನಮ್ಮ ತಿಂಗಳೂ ಚಂದ್ರನ ಲೆಕ್ಕದಲ್ಲೇ ಇದೆ. ಅಮಾವಾಸ್ಯೆ, ಹುಣ್ಣಿಮೆ ಕಳೆದ ಒಂದೆರಡು ದಿನಗಳಲ್ಲಿ ಉಬ್ಬರ ಅತಿ ಹೆಚ್ಚು, ಇಳಿತವೂ ಅತಿ ಹೆಚ್ಚು. ಎಂದರೆ ಹಿಜ್ರಿ ತಿಂಗಳ ಮೊದಲ ಎರಡು ಮೂರು ದಿನ, ಮತ್ತೆ ಸುಮಾರು 14ರಿಂದ 17ರವರೆಗೆ. ಬಿಳಿ ದಿನಗಳ ಸುನ್ನತ್ ಉಪವಾಸ ಹಿಡಿಯುವ ಸಹೋದರಿಯರು ಇದನ್ನು ಸುಲಭವಾಗಿ ನೆನಪಿಡಬಹುದು. ಆ ಉಪವಾಸ ಮುಗಿಯುವ ಹೊತ್ತಿಗೆ ಕಡಲು ಬಲವಾಗಿ ಏರಿ ಇಳಿಯುತ್ತಿರುತ್ತದೆ. ಅರ್ಧಚಂದ್ರ ಕಳೆದ ಮೇಲೆ, 8, 9 ಮತ್ತು 22, 23ರ ಆಸುಪಾಸಿನಲ್ಲಿ ನೀರಿನ ಓಡಾಟ ಕಡಿಮೆ. ತಿಂಗಳು ಕಂಡ ಲೆಕ್ಕದಲ್ಲಿ ಒಂದು ದಿನ ಹಿಂದೆ ಮುಂದೆ ಆಗಬಹುದು, ಅಷ್ಟೆ.

ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಪ್ರತಿದಿನವೂ ಅದು ಸುಮಾರು 50 ನಿಮಿಷ ತಡವಾಗುತ್ತದೆ. ಕಳೆದ ವಾರ ಬೆಳಿಗ್ಗೆ ಇಳಿತವಿತ್ತು ಎಂದು ಈ ವಾರವೂ ಅದೇ ಹೊತ್ತಿಗೆ ಹೋದರೆ ಮೋಸ ಹೋಗುತ್ತೇವೆ. ತಲಶ್ಶೇರಿಯ ಬಳಿಯ ಧರ್ಮಡಂ ತೀರಕ್ಕೆ ನಿಮ್ಮಲ್ಲಿ ಕೆಲವರು ಮಕ್ಕಳೊಂದಿಗೆ ಹೋಗಿರಬಹುದು. ಅಲ್ಲಿ ದಡದ ಎದುರಿಗೇ ತೆಂಗಿನ ಮರಗಳ ಒಂದು ಪುಟ್ಟ ದ್ವೀಪವಿದೆ. ಇಳಿತದ ಹೊತ್ತಿನಲ್ಲಿ ನಡೆದೇ ದಾಟುವಷ್ಟು ನೀರು. ಆಟದಲ್ಲಿ ಮೈಮರೆತರೆ ಹಿಂದಿರುಗುವ ದಾರಿ ನೀರಿನಡಿಯಲ್ಲಿ. ಬಂಡೆಯ ಮೇಲೆ ಗಾಳ ಹಾಕುವವನ ಪಾಡೂ ಇದೇ. ಹತ್ತುವಾಗ ಒಣಗಿದ್ದ ದಾರಿ ಇಳಿಯುವಾಗ ಇರುವುದಿಲ್ಲ.

ಮೀನು ಸಿಗುವುದೂ ಈ ಲೆಕ್ಕದಲ್ಲೇ. ನೀರು ಓಡಾಡುವಾಗ ಮೀನು ಮೇಯುತ್ತದೆ, ನಿಂತಾಗ ಸುಮ್ಮನಿರುತ್ತದೆ. ಉಬ್ಬರಕ್ಕೆ ಮುಂಚಿನ ಮತ್ತು ನಂತರದ ಎರಡು ಗಂಟೆ ಒಳ್ಳೆಯದು. ಅಳಿವೆಗಳಲ್ಲಿ ನೀರು ಇಳಿಯುವಾಗ ಸಣ್ಣ ಮೀನು, ಸಿಗಡಿ ಹೊರಕ್ಕೆ ಬರುತ್ತವೆ, ಅವನ್ನು ಹಿಡಿಯಲು ದೊಡ್ಡವು ಕಾಯುತ್ತವೆ. ಕಾಣೆ ಮೀನಿಗೆ ಮರಳಿನ ತಳವೇ ಆಗಬೇಕು, ಸಿಗಡಿಯ ತುಂಡು ಅದಕ್ಕೆ ಇಷ್ಟದ ಎರೆ. ಮಳೆಗಾಲ ಬಿಟ್ಟ ದಿನಗಳಲ್ಲಿ ಬೆಳಗಿನ ಹೊತ್ತು ಗಾಳಿ ಕಡಿಮೆ, ಮಧ್ಯಾಹ್ನದ ಮೇಲೆ ಸಮುದ್ರದ ಗಾಳಿ ಎದ್ದು ಅಲೆ ಹೆಚ್ಚುತ್ತದೆ. ಆದ್ದರಿಂದ ಸುಬ್ಹಿಯ ನಂತರದ ಹೊತ್ತು ಮೀನಿಗೂ ಒಳ್ಳೆಯದು, ಮನುಷ್ಯನಿಗೂ ಒಳ್ಳೆಯದು.

ಬಾಗಿಲಲ್ಲಿ ಕೇಳಬೇಕಾದ ಪ್ರಶ್ನೆಗಳು

ಹಾಗಾದರೆ ಮಗನೋ ತಮ್ಮನೋ ಗಂಡನೋ ಗಾಳ ಹಿಡಿದು ಹೊರಟಾಗ ನಾವೇನು ಕೇಳಬೇಕು?

ಒಂದು, ಇಂದಿನ ಕಡಲ ಎಚ್ಚರಿಕೆ ನೋಡಿದೆಯಾ? ಮಳೆಯ ಎಚ್ಚರಿಕೆಯಲ್ಲ, ಕಡಲಿನದು. ಅಲರ್ಟ್ ಇದ್ದರೆ ಆ ದಿನ ಬಂಡೆಯೂ ಬೇಡ, ಅಲೆತಡೆಗೆ ಹಾಕಿದ ಕಲ್ಲುಗಳೂ ಬೇಡ.

ಎರಡು, ಉಬ್ಬರ ಎಷ್ಟು ಗಂಟೆಗೆ? ಹಿಂದಿರುಗುವ ದಾರಿ ಆಗ ಎಲ್ಲಿರುತ್ತದೆ?

ಮೂರು, ಯಾರು ಜೊತೆಗಿದ್ದಾರೆ? ಒಂಟಿಯಾಗಿ ಹೋಗುವುದು ಬೇಡವೇ ಬೇಡ. ತೀರಕ್ಕೆ ಹೋದ ಮೇಲೆ ಅಲ್ಲಿನ ಮೀನುಗಾರರನ್ನು ಒಂದು ಮಾತು ಕೇಳಲಿ. ಅವರು ಇಂದು ಬೇಡ ಎಂದರೆ ವಾದ ಮಾಡದೆ ಹಿಂದೆ ಬರಲಿ.

ನಾಲ್ಕು, ಕಾಲಿಗೆ ಏನು, ಮೈಗೆ ಏನು? ಹವಾಯಿ ಚಪ್ಪಲಿ ಪಾಚಿಯ ಮೇಲೆ ನಿಲ್ಲುವುದಿಲ್ಲ. ಹಿಡಿತವಿರುವ ಬೂಟು ಬೇಕು. ಗಾಳದ ರಾಡಿಗೆ ಸಾವಿರಾರು ರೂಪಾಯಿ ಕೊಡುವವರು ಲೈಫ್ ಜಾಕೆಟಿಗೂ ಹಣ ಕೊಡಲಿ.

ಐದು, ಎಷ್ಟು ಗಂಟೆಗೆ ಬರುತ್ತೀಯಾ? ಯಾವ ತೀರ? ಆ ಹೊತ್ತು ಮೀರಿದರೆ ನಾವು ಯಾರಿಗೆ ಫೋನ್ ಮಾಡಬೇಕೆಂದು ಬರೆದಿಟ್ಟು ಹೋಗಲಿ. ತುರ್ತಿಗೆ 112, ಸಮುದ್ರದಲ್ಲಿ ಅಪಾಯವಾದರೆ ಕರಾವಳಿ ಕಾವಲು ಪಡೆಯ 1554.

ಇದರೊಂದಿಗೆ ಮೂರು ಮಾತು ಅವನ ಕಿವಿಗೆ ಹಾಕಿ. ಬಂಡೆಗೆ ಹತ್ತುವ ಮೊದಲು ಕಾಲು ಗಂಟೆ ಸುಮ್ಮನೆ ನಿಂತು ಅಲೆ ಎಲ್ಲಿಯವರೆಗೆ ಬರುತ್ತದೆ ನೋಡಬೇಕು, ಒದ್ದೆಯಾದ ಕಲ್ಲಿನ ಮೇಲೆ ನಿಲ್ಲಬಾರದು. ಕಡಲಿಗೆ ಎಂದೂ ಬೆನ್ನು ಹಾಕಬಾರದು. ಗೆಳೆಯ ನೀರಿಗೆ ಬಿದ್ದರೆ ತಾನೂ ಹಾರಬಾರದು, ಹಗ್ಗವೋ ಖಾಲಿ ಕ್ಯಾನೋ ಎಸೆಯಬೇಕು. ಮರಳಿನ ತೀರದಲ್ಲಿ ನೀರು ಒಳಕ್ಕೆ ಎಳೆದರೆ ದಡದ ಕಡೆಗೇ ಈಜಿ ಸುಸ್ತಾಗುವುದಕ್ಕಿಂತ ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬರಬೇಕು.

ಮಳೆಗಾಲದ ಮಾತು ಬೇರೆಯೇ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಮೀನು ಮೊಟ್ಟೆಯಿಡುವ ಕಾಲ, ಕಡಲು ಕೆರಳುವ ಕಾಲವೂ ಹೌದು. ದಡದ ಗಾಳಕ್ಕೆ ಆ ನಿಷೇಧ ಅನ್ವಯವಾಗದಿರಬಹುದು. ಆದರೆ ದೊಡ್ಡ ಬೋಟುಗಳೇ ದಕ್ಕೆಯಲ್ಲಿ ಕಟ್ಟಿ ನಿಂತಿರುವಾಗ ನಮ್ಮ ಹುಡುಗ ಬಂಡೆಯ ಮೇಲೆ ನಿಲ್ಲುವ ಅಗತ್ಯವೇನು?

ಮೀನು ಮನೆಗೆ ಬಂದ ಮೇಲೆ

ಹಿಡಿದ ಮೀನು ಘಟ್ಟ ಹತ್ತಿ ಮನೆಗೆ ಬರಲು ಕೆಲವು ಗಂಟೆಗಳಾಗುತ್ತವೆ. ಮಂಜುಗಡ್ಡೆಯ ಪೆಟ್ಟಿಗೆಯಿಲ್ಲದೆ ಬಿಸಿಲಲ್ಲಿ ಬಂದ ಬಂಗುಡೆಯಂತಹ ಮೀನಿನಲ್ಲಿ ಒಂದು ಬಗೆಯ ವಿಷ ಹುಟ್ಟುತ್ತದೆ. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪಾಗಿ ಮೈ ತುರಿಸುತ್ತದೆ, ತಲೆ ಸಿಡಿಯುತ್ತದೆ. ಎಷ್ಟು ಬೇಯಿಸಿದರೂ, ಎಷ್ಟು ಹುಣಸೆಹುಳಿ ಹಾಕಿದರೂ ಆ ವಿಷ ಹೋಗುವುದಿಲ್ಲ. ಹೊಟ್ಟೆಯನ್ನು ಚೆಂಡಿನಂತೆ ಉಬ್ಬಿಸಿಕೊಳ್ಳುವ ಮೀನು ಸಿಕ್ಕಿದರೆ ಅದನ್ನು ಅಲ್ಲೇ ಬಿಟ್ಟು ಬರಲು ಹೇಳಿ. ಅದರ ವಿಷ ಪ್ರಾಣವನ್ನೇ ತೆಗೆಯುತ್ತದೆ. ತೊರಕೆಯ ಬಾಲದ ಮುಳ್ಳೋ ಶೇಡೆ ಮೀನಿನ ಮುಳ್ಳೋ ಚುಚ್ಚಿದರೆ ಗಾಯವನ್ನು ಚರ್ಮ ಸುಡದಷ್ಟು, ಸಹಿಸುವಷ್ಟು ಬಿಸಿಯಾದ ನೀರಿನಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಇಟ್ಟರೆ ನೋವು ಇಳಿಯುತ್ತದೆ. ಆಮೇಲೆ ವೈದ್ಯರಿಗೆ ತೋರಿಸಲೇಬೇಕು.

ಸಹೋದರಿಯರೇ, ಒಂಟೆಯನ್ನು ಕಟ್ಟಿ ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂಬ ಪಾಠವನ್ನು ನಾನು ಪ್ರತಿವರ್ಷ ಮದ್ರಸದ ಮಕ್ಕಳಿಗೆ ಹೇಳಿಕೊಡುತ್ತೇನೆ. ಆ ಏಪ್ರಿಲ್‌ನ ಭಾನುವಾರ ನನ್ನ ಮನೆಯವರೇ ಒಂಟೆ ಕಟ್ಟದೆ ದುಆ ಮಾಡಿ ಕಳುಹಿಸಿದ್ದೆವು.

ನನ್ನ ತಂಗಿಯ ಮಗ ಈಗಲೂ ಗಾಳ ಹಿಡಿದು ಹೋಗುತ್ತಾನೆ. ನಾವು ತಡೆದಿಲ್ಲ. ಆದರೆ ಅವನ ಉಮ್ಮ ಈಗ ಬಾಗಿಲಲ್ಲಿ ನಿಂತು ಐದು ಪ್ರಶ್ನೆ ಕೇಳುತ್ತಾಳೆ. ಕಳೆದ ಮೇ ತಿಂಗಳಲ್ಲಿ ಒಂದು ದಿನ ಅಲರ್ಟ್ ಇದೆಯೆಂದು ಅವನೇ ರಾಡನ್ನು ಅಟ್ಟದ ಮೇಲಿಟ್ಟು ಬಂದ. ಆ ದಿನ ಮಧ್ಯಾಹ್ನ ಮನೆಯಲ್ಲಿ ಗಾಡಿಯವನಿಂದ ಕೊಂಡ ಮತ್ತಿಯ ಸಾರು. ಎಲ್ಲರೂ ಒಟ್ಟಿಗೆ ಕೂತು ಉಂಡೆವು. ಅಲ್‌ಹಂದುಲಿಲ್ಲಾಹ್.