ಪಿಕಪ್ ಗಾಡಿಯ ಡಿಫರೆನ್ಷಿಯಲ್: ದುರಸ್ತಿಯೋ ಬದಲಾವಣೆಯೋ?

ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಭತ್ತವನ್ನೂ ಬಾಳೆಯನ್ನೂ ಸಂತೆಗೆ ಮುಟ್ಟಿಸುವ ಪಿಕಪ್ ಗಾಡಿಯು ಇಂದು ಎತ್ತಿನ ಜೋಡಿಯ ಸ್ಥಾನದಲ್ಲಿದೆ. ಎತ್ತು ಕುಂಟಿದೊಡನೆ ನೊಗವಿಳಿಸುವ ರೈತನು, ಗಾಡಿಯ ಹಿಂದಿನ ಡಿಫರೆನ್ಷಿಯಲ್ ಮೊರೆಯುತ್ತಿದ್ದರೂ ಹೇರು ಹೊರಿಸುವುದು ಉಚಿತವಲ್ಲ. ಸೀಲು ಸೋರಿ ಎಣ್ಣೆ ಇಂಗಿದರೆ ಬೇರಿಂಗುಗಳೂ ಹಲ್ಲುಗಳೂ ಸವೆಯುವುವು. ಮೊರೆತ ಕೇಳಿದಾಗಲೇ ಬಿಚ್ಚಿಸಿ ನೋಡಿ, ಹಲ್ಲುಗಳು ನೆಟ್ಟಗಿದ್ದರೆ ಸೀಲು, ಬೇರಿಂಗುಗಳನ್ನು ಬದಲಿಸಿ ತಕ್ಕ ಎಣ್ಣೆ ತುಂಬಿಸಿದರೆ ಸಾಕು. ಹಲ್ಲು ಮುರಿದಿದ್ದರೆ, ಜೋಡಿಯಾಗಿಯೇ ತಯಾರಾಗುವ ಕ್ರೌನ್, ಪಿನಿಯನ್‌ಗಳೆರಡನ್ನೂ ಒಟ್ಟಿಗೆ ಬದಲಿಸತಕ್ಕದ್ದು. ಹಳೆಯ ಡಿಫರೆನ್ಷಿಯಲ್ ಕೊಳ್ಳುವವರು ಹಲ್ಲುಗಳ ಪ್ರಮಾಣವು ಮೊದಲಿನದಕ್ಕೆ ಸರಿಯಾಗಿದೆಯೇ ಎಂದು ಎಣಿಸಿ ನೋಡತಕ್ಕದ್ದು. ಕೊಯ್ಲಿನ ದಿನ ಅಚ್ಚು ಬಿಗಿದು ನಿಂತರೆ ಹಣ್ಣು ದಾರಿಯಲ್ಲಿಯೇ ಕೆಡುವುದು. ಮಿತಿಮೀರಿದ ಹೇರು ಈ ಕೇಡನ್ನು ಬೇಗ ತರುವುದು; ಊರಿನ ಮುಖಂಡರೇ ಅದನ್ನು ಮೊದಲು ತಮ್ಮ ಗಾಡಿಗಳಿಂದ ಇಳಿಸಬೇಕು.